ಹನ್ನೆರಡು ಕಂತಿನ ಬಾಗಿಲು

ಸಾವೊ ಪಾವ್ಲೊ. ಸಾಂತಾ ಇಫಿಜೇನಿಯಾ ಬೀದಿ,
ಮೂರನೇ ಮಹಡಿ, ಲಿಫ್ಟು ಕೆಟ್ಟು ಎರಡು ವರ್ಷ.
ನಾನು ನಿಲ್ದೆತೆ, ಬೆಸುಗೆ ಕಡ್ಡಿ ಹಿಡಿದವಳು,
ಸತ್ತ ಕನ್ಸೋಲುಗಳನ್ನು ಎಬ್ಬಿಸುವುದು ಕಸುಬು.
ಜಿರಲೆ ಹೊಕ್ಕದ್ದು, ಬಿಯರು ಕುಡಿದದ್ದು,
ಸೋತ ಸಿಟ್ಟಿಗೆ ಗೋಡೆಗೆ ಬಡಿಸಿಕೊಂಡದ್ದು,
ಎಲ್ಲವೂ ಬರುತ್ತವೆ ಟವೆಲಿನಲ್ಲಿ ಸುತ್ತಿಕೊಂಡು,
ಹಸುಗೂಸಿನ ಹಾಗೆ.

ನಿನ್ನೆ ಬಂದದ್ದು ಮಾತ್ರ ಹೊಸದು.
ತಂಗಿಯ ಮಗ ಕವಾ, ಮೊದಲ ಸಂಬಳ,
ಹನ್ನೆರಡು ಕಂತು.
ಮೇಜಿನ ಮೇಲಿಟ್ಟು ಹಲ್ಲಿನಲ್ಲೇ ಟೇಪು ಕಿತ್ತ.
ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ
ನನ್ನ ಸೀಸದ ಹೊಗೆಯೂ ಒಂದು ಗಳಿಗೆ ಸರಿದು ನಿಂತಿತು.

"ದೊಡ್ಡಮ್ಮಾ, ಈ ಕೊಚ್ಚೆ ನೋಡು" ಅಂದ.
ನೋಡಿದೆ. ಕೊಚ್ಚೆಯೊಳಗೆ ಬೀದಿದೀಪ,
ದೀಪದೊಳಗೆ ಮಳೆಹನಿ,
ಹನಿಯೊಳಗೆ ತಲೆಕೆಳಗಾದ ಊರು.
ಸುಳ್ಳು ಹೇಳಲಾರೆ, ಚೆಂದವಿತ್ತು.
ನಮ್ಮ ಬೀದಿಯ ಕೊಚ್ಚೆಯಲ್ಲಿ ಇಷ್ಟೆಲ್ಲ ಕಾಣುವುದಿಲ್ಲ.

"ಆ ಬಾಗಿಲು ತೆಗಿ" ಅಂದೆ.
"ಯಾವುದು?"
"ಅದೇ, ನೀಲಿದು. ಬೇಕರಿ ಪಕ್ಕದ್ದು."
ಕವಾ ಒಂದು ಬಟನ್ನು ಒತ್ತಿದ, ಇನ್ನೊಂದು ಒತ್ತಿದ,
ಹೆಗಲು ಕೊಟ್ಟ, ಒದ್ದ, ಗುಂಡು ಹಾರಿಸಿದ.
ಮರದ ನಾರುನಾರೂ ಎಣಿಸಬಹುದು,
ಮೊಳೆಯ ತುಕ್ಕು ಬೆರಳಿಗೆ ಅಂಟೀತು ಅನ್ನಬೇಕು,
ಬಾಗಿಲು ಮಾತ್ರ ಗೋಡೆ.
ನನ್ನ ಹದಿಮೂರರಲ್ಲೂ ಅದು ಗೋಡೆಯೇ ಆಗಿತ್ತು,
ಆಗ ಎಂಟು ಕಂದು ಚೌಕ, ಅಷ್ಟೇ.
ಸೇತುವೆ ಬಳಿಯ ಮುದುಕಿ ಆಗಲೂ ಒಂದೇ ಮಾತು ಆಡುತ್ತಿದ್ದಳು,
ಈಗಲೂ ಒಂದೇ ಮಾತು,
ತುಟಿ ಮಾತ್ರ ಮಾತಿಗೆ ಸರಿಯಾಗಿ ಅಲುಗುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಮೂವತ್ತು ವರ್ಷ ನೆಲವನ್ನೇ ಸರಿಮಾಡಿದರು ಪುಣ್ಯಾತ್ಮರು,
ಉಜ್ಜಿದರು, ಕನ್ನಡಿ ಮಾಡಿದರು.
ಗೆರೆ ಎಳೆದಷ್ಟು ನೇರವಿದೆ ಈಗ.
ಇನ್ನು ಕುಣಿಯಮ್ಮಾ ತಾಯಿ,
ನೆಪ ಮುಗಿಯಿತು.

ಕಾಯುವುದೂ ಇಲ್ಲವಂತೆ.
ರೆಪ್ಪೆ ಬಡಿಯುವುದರೊಳಗೆ ಇನ್ನೊಂದು ಲೋಕ.
ಅಣ್ಣ ಜೆನಿವಾಲ್ದೊ ನೆನಪಾದ.
ಪರದೆ ಕಪ್ಪಾಗಿ ಬಿಳಿ ಪಟ್ಟಿ ತೆವಳುವ ಆ ನಲವತ್ತು ಸೆಕೆಂಡು,
ಅವನು ಬಾಯಿ ಬಿಡುತ್ತಿದ್ದ ಹೊತ್ತು ಅದೊಂದೇ.
"ಕಾರ್ಖಾನೆಯಿಂದ ತೆಗೆದುಹಾಕಿದರು, ಅಮ್ಮನಿಗೆ ಹೇಳಬೇಡ"
ಅಂದದ್ದು ಮೂರನೇ ಹಂತಕ್ಕೂ ನಾಲ್ಕನೆಯದಕ್ಕೂ ನಡುವೆ.
ಆ ಸಂದು ಮುಚ್ಚಿದರು.
ಲಾಭವೋ ನಷ್ಟವೋ, ರಸೀದಿಯಲ್ಲಿ ಬರೆದಿಲ್ಲ.

ಇಷ್ಟು ಹೇಳಿ ಗೆದ್ದೆ ಅಂದುಕೊಂಡಿದ್ದೆ.
ಎದುರಿನ ಕೇಬಲ್ ಅಂಗಡಿಯ ಉಬಿರಾಜಾರನ ಮಗಳು
ಜಸಿಯಾರಾ, ಕೋಲು ಮಡಚುತ್ತ ಒಳಗೆ ಬಂದಳು.
ಹುಟ್ಟಿನಿಂದ ಕಣ್ಣಿಲ್ಲ. ಬರುವುದು ಕಾಫಿಗೆ,
ಮತ್ತೆ, ಬೇರೆಯವರು ಆಡುವುದನ್ನು ಕೇಳಲು.
"ನಂಗೂ ಕೊಡು" ಅಂದಳು.
ಕವಾ ನನ್ನ ಮುಖ ನೋಡಿದ. ಕೊಟ್ಟ.
ಕಿವಿಗೆ ಹೆಡ್‌ಫೋನು ಸಿಕ್ಕಿಸಿದ,
ಸೆಟ್ಟಿಂಗ್ಸಿನ ತಳದಲ್ಲೆಲ್ಲೋ
ಯಾವ ಜಾಹೀರಾತೂ ಹಾಡಿ ಹೊಗಳದ ಒಂದು ಸಾಲು ಆನ್ ಮಾಡಿದ.

ಮೊದಲು ಗೋಡೆಗೆ ಹೋಗಿ ಬಡಿದಳು. ಮತ್ತೆ ಬಡಿದಳು.
ಕಾರಿನಡಿ ಸತ್ತಳು, ನಕ್ಕಳು.
ಆಮೇಲೆ ಅಂಗೈಯ ನಡುಕ
ಜಲ್ಲಿಯೋ ಡಾಂಬರೋ ತಿಳಿಯತೊಡಗಿತು.
ಎಡಗಿವಿಯ ಹಿಂದೆ ಹೆಜ್ಜೆ,
ತಿರುಗಿದಳು, ಹೊಡೆದಳು,
ಸತ್ತವನು ಕೊಚ್ಚೆಗೆ ಬಿದ್ದ ಸದ್ದು ಕೇಳಿ
"ಮಳೆ ಜೋರೇ ಬಂದಿರಬೇಕು" ಅಂದಳು.

ಆ ಕೊಚ್ಚೆಯನ್ನು ನಾವು ಬರೀ ನೋಡಿದ್ದೆವು.

ಬೆಸುಗೆ ಕಡ್ಡಿ ಯಾವಾಗ ತಣ್ಣಗಾಯಿತೋ.

ನೀಲಿ ಬಾಗಿಲ ಹತ್ತಿರ ನಿಂತಳು, ಬಹಳ ಹೊತ್ತು.
"ಇಲ್ಲೇನೋ ಇದೆ. ಸಂದಿಯಿಂದ ಗಾಳಿ ಬರ್ತಿದೆ."
"ಏನೂ ಇಲ್ಲ, ಅದು ಗೋಡೆ" ಅಂದ ಕವಾ.
"ಮತ್ತೆ ಗಾಳಿ ಯಾಕಿಟ್ಟರು?"

ಅವನು ನನ್ನ ಕಡೆ ತಿರುಗಿದ,
ಇನ್ನೂ ಹನ್ನೊಂದು ಕಂತು ಬಾಕಿ ಇರುವ ಮುಖ.
ನಾನು, ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ
ಮೇಜಿನಡಿ ಬಗ್ಗಿದೆ.